ಏಕೀಕರಣವೂ ಕಾಂಗ್ರೆಸ್ಸಿನೊಳಗಣ ಭಿನ್ನಮತವೂ

ಆದವಾನಿಯ ಕೋಟೆಯ ನೆರಳಿನಲ್ಲಿ ಕುಳಿತು ಕನ್ನಡದಲ್ಲಿ ಪಾಠವೋದುವ ಬಾಲಕಬಾಲಿಕೆಯರು, "ನಮ್ಮ ಊರು ಆಂಧ್ರಕ್ಕೆ ಸೇರಿದ್ದು ಹೇಗೆ?" ಎಂದು ಹಿರಿಯರನ್ನು ಕೇಳುವುದುಂಟು. ಉತ್ತರದ ಒಂದು ಭಾಗವು ಸಾಮಾನ್ಯವಾಗಿ ಎಲ್ಲರಿಗೂ ತಿಳಿದಿದೆ. ಪೊಟ್ಟಿ ಶ್ರೀರಾಮುಲು ಅವರು 1952ರ ಡಿಸೆಂಬರ್ 15ರಂದು ಉಪವಾಸದಿಂದ ಪ್ರಾಣಬಿಟ್ಟ ಮೇಲೆ ಆಂಧ್ರ ರಾಜ್ಯ ನಿಶ್ಚಿತವಾಯಿತು. ಆಗ ಹತ್ತು ತಾಲ್ಲೂಕುಗಳ ಬಳ್ಳಾರಿ ಜಿಲ್ಲೆಯನ್ನು ಹಂಚಬೇಕಾಗಿ ಬಂದು, ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಸಂದುವು. ಆರು ತಾಲ್ಲೂಕುಗಳು ಮೈಸೂರಿಗೆ ಹೋದುವು. ಬಳ್ಳಾರಿ ತಾಲ್ಲೂಕಿನ ವಿಚಾರಣೆ ಪ್ರತ್ಯೇಕವಾಗಿ ನಡೆದು, ಅದೂ ಮೈಸೂರಿಗೇ ಸೇರಿತು. 1953ರ ಅಕ್ಟೋಬರ್ 1ರಂದು ಇದೆಲ್ಲವೂ ಜಾರಿಗೆ ಬಂದಿತು.

ಆದರೆ ಗಮನಿಸತಕ್ಕ ಸಂಗತಿ ಇನ್ನೊಂದಿದೆ. ಬಳ್ಳಾರಿ ತಮಗೆ ಬೇಕೆಂದ ತೆಲುಗು ನಾಯಕರಲ್ಲಿಯೂ ತಮಗೆ ಬೇಕೆಂದ ಕನ್ನಡ ನಾಯಕರಲ್ಲಿಯೂ ಅನೇಕರು ಒಂದೇ ಕಾಂಗ್ರೆಸ್ ಪಕ್ಷದವರು! ಕನ್ನಡಿಗರಲ್ಲಿಯಾದರೂ ಐಕಮತ್ಯವಿತ್ತೇ ಎಂದರೆ, ಅದೂ ಇರಲಿಲ್ಲ.

1920ರ ನಾಗಪುರ ಅಧಿವೇಶನದಲ್ಲಿಯೇ ಕಾಂಗ್ರೆಸ್ಸು ಭಾಷಾನುಸಾರವಾದ ಪ್ರಾಂತ ಸಮಿತಿಗಳನ್ನು ಒಪ್ಪಿತ್ತು. ಸ್ವಾತಂತ್ರ್ಯ ಬಂದ ಮೇಲೆ ದೆಹಲಿಯ ನಾಯಕರು ಹಿಂದುಮುಂದು ನೋಡತೊಡಗಿದರು. ಮುಂಬಯಿ ಕರ್ನಾಟಕದ ಕಾಂಗ್ರೆಸ್ಸಿಗರಲ್ಲಿ ಕೆಲವರು ತಾಳ್ಮೆಯೇ ಮೇಲೆಂದರು, ಕೆಲವರು ಚಳವಳಿಗಿಳಿದರು. 1953ರಲ್ಲಿ ಅದರಗುಂಚಿಯ ಶಂಕರಗೌಡ ಪಾಟೀಲರು ಉಪವಾಸ ಕುಳಿತಾಗ, ಹುಬ್ಬಳ್ಳಿಯಲ್ಲಿ ಜನರ ಕೋಪ ಕಾಂಗ್ರೆಸ್ ನಾಯಕರ ಮೇಲೆಯೇ ತಿರುಗಿತು.

ಮೈಸೂರಿನೊಳಗಣ ಭಿನ್ನಮತವು ಇನ್ನೂ ಆಳವಾದುದು. ವಿದ್ಯುಚ್ಛಕ್ತಿ, ಕಾರ್ಖಾನೆ, ವಿದ್ಯಾಸಂಸ್ಥೆಗಳಿಂದ ಬೆಳೆದ ತಮ್ಮ ಸಂಸ್ಥಾನವು ಹಿಂದುಳಿದ ಜಿಲ್ಲೆಗಳ ಭಾರವನ್ನು ಏಕೆ ಹೊರಬೇಕೆಂದು ಹಲವು ಕಾಂಗ್ರೆಸ್ ಶಾಸಕರು ಕೇಳಿದರು. ಎರಡು ಕನ್ನಡ ರಾಜ್ಯಗಳಿದ್ದರೇನು ತಪ್ಪು ಎಂದವರೂ ಉಂಟು. ಬಾಯಿಬಿಟ್ಟು ಹೇಳದ ಲೆಕ್ಕವೊಂದಿತ್ತು: ಹಳೆಯ ಮೈಸೂರಿನಲ್ಲಿ ಒಕ್ಕಲಿಗರಿಗಿದ್ದ ಪ್ರಾಬಲ್ಯವು ವಿಶಾಲ ರಾಜ್ಯದಲ್ಲಿ ಲಿಂಗಾಯತರಿಗೆ ಹೋದೀತೆಂಬ ಅಂಜಿಕೆ. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಸ್ವತಃ ಒಕ್ಕಲಿಗರಾಗಿದ್ದೂ ಏಕೀಕರಣದ ಪಕ್ಷ ವಹಿಸಿದರು. ರಾಜಪ್ರಮುಖರಾಗಿದ್ದ ಜಯಚಾಮರಾಜ ಒಡೆಯರೂ, ತಮ್ಮ ವಂಶದ ಸಂಸ್ಥಾನವು ಕರಗಿಹೋಗುವುದಾದರೂ, ಅಡ್ಡ ಬರಲಿಲ್ಲ. ಇದು ಸಣ್ಣ ಮಾತಲ್ಲ.

ಪಕ್ಷಗಳಿಗೆ ಇಂಥ ಸಂಕಟ ಬರುವುದು ನಮ್ಮಲ್ಲಿ ಮಾತ್ರವೆಂದು ತಿಳಿಯಬಾರದು. ಬ್ರಿಟನ್ನಿನ ಲೇಬರ್ ಪಕ್ಷವು ಯೂರೋಪಿನ ಒಕ್ಕೂಟದ ವಿಷಯದಲ್ಲಿ ಹೀಗೆಯೇ ಸೀಳಿತ್ತು. 1971ರಲ್ಲಿ ಅದರ 69 ಸದಸ್ಯರು ಪಕ್ಷದ ಆಜ್ಞೆಯನ್ನು ಮೀರಿ ಒಕ್ಕೂಟದ ಪರವಾಗಿ ಮತ ಕೊಟ್ಟರು. 1975ರ ಜನಮತ ಗಣನೆಯಲ್ಲಿ ಪ್ರಧಾನಿ ವಿಲ್ಸನ್ನರು ತಮ್ಮ ಮಂತ್ರಿಗಳಿಗೆ ಪರಸ್ಪರ ವಿರುದ್ಧವಾಗಿ ಪ್ರಚಾರ ಮಾಡಲು ಅನುಮತಿಯಿತ್ತರು! ಅಲ್ಲಿಯೂ ಪ್ರಶ್ನೆ ಇದೇ: ದೊಡ್ಡದರೊಡನೆ ಕೂಡಿದರೆ ನಮ್ಮ ಮನೆಯ ಯಜಮಾನಿಕೆ ನಮ್ಮಲ್ಲಿ ಉಳಿದೀತೆ? ಆದರೆ ಬ್ರಿಟನ್ನು 2020ರಲ್ಲಿ ಒಕ್ಕೂಟವನ್ನು ಬಿಟ್ಟು ಹೊರಬರಲು ಸಾಧ್ಯವಾಯಿತು. ಮೈಸೂರಿಗೆ ಹಾಗೆ ಹಿಂದಿರುಗುವ ದಾರಿಯಿರಲಿಲ್ಲ. ಆದುದರಿಂದಲೇ ಇಲ್ಲಿ ವಾದವು ಅಷ್ಟು ಬಿಸಿಯಾಯಿತೆಂದು ನನ್ನ ಊಹೆ.

ಫಜಲ್ ಅಲಿ ಆಯೋಗವು 1955ರಲ್ಲಿ ಒಂದೇ ಕನ್ನಡ ರಾಜ್ಯವಾಗಲೆಂದು ಹೇಳಿತಾದರೂ, ಬಳ್ಳಾರಿ, ಸಿರುಗುಪ್ಪ, ಹೊಸಪೇಟೆಗಳನ್ನು ಆಂಧ್ರಕ್ಕೆ ಕೊಡಬೇಕೆಂದಿತು. ತುಂಗಭದ್ರೆಯ ಅಣೆಕಟ್ಟೇ ಇದಕ್ಕೆ ಮುಖ್ಯ ಕಾರಣ. ಕೇಂದ್ರ ಸರ್ಕಾರವು ಈ ಒಂದು ಸಲಹೆಯನ್ನು ಒಪ್ಪಲಿಲ್ಲ. ಆದವಾನಿ, ಆಲೂರುಗಳ ಗಡಿಯಾದರೋ 1953ರಲ್ಲಿ ಎಲ್ಲಿತ್ತೋ ಅಲ್ಲಿಯೇ ನಿಂತಿತು.

ಹನುಮಂತಯ್ಯನವರು ಪಕ್ಷದ ಒಳಜಗಳದಿಂದ 1956ರ ಆಗಸ್ಟಿನಲ್ಲಿ ಅಧಿಕಾರ ಬಿಟ್ಟರು. ಕಡಿದಾಳ್ ಮಂಜಪ್ಪನವರು ಕೆಲವು ವಾರ ಆಳಿದರು. ನವೆಂಬರ್ 1ರಂದು ವಿಶಾಲ ಮೈಸೂರು ಉದಯಿಸಿದಾಗ ಮುಖ್ಯಮಂತ್ರಿಯಾದವರು ಎಸ್. ನಿಜಲಿಂಗಪ್ಪನವರು. ಅದೇ ದಿನ ಆಂಧ್ರಪ್ರದೇಶವೂ ಹುಟ್ಟಿತು. ಕರ್ನೂಲಿನಲ್ಲಿದ್ದ ರಾಜಧಾನಿ ಹೈದರಾಬಾದಿಗೆ ಹೋಯಿತು.