ಅಡುಗೆಕಟ್ಟೆಯ ಕಲ್ಲು: ಹೊರುವ ಬಗೆ, ಕೂರಿಸುವ ಬಗೆ

ಅಡುಗೆಕಟ್ಟೆಗೆ ಹಾಸುವ ಗ್ರಾನೈಟ್ ಎಷ್ಟು ಭಾರ ಎನ್ನುವುದನ್ನು ಎತ್ತಿ ನೋಡಬೇಕಿಲ್ಲ, ಮೊದಲೇ ಲೆಕ್ಕ ಹಾಕಬಹುದು. ಇಳಕಲ್ಲಿನ ಕೆಂಪು ಕಲ್ಲು 20 ಮಿಲಿಮೀಟರ್ ದಪ್ಪವಿದ್ದರೆ ಚದರಡಿಗೆ ಸುಮಾರು 5 ಕಿಲೊ. ಚಾಮರಾಜನಗರದ ಕರಿಕಲ್ಲು ಇನ್ನೂ ಭಾರ, ಚದರಡಿಗೆ ಐದೂವರೆ ಕಿಲೊ ತೂಗುತ್ತದೆ. ಎಂಟಡಿ ಉದ್ದ, ಎರಡಡಿ ಅಗಲದ ತುಂಡು ಎಂದರೆ 80ರಿಂದ 90 ಕಿಲೊ. ಅಂಗಡಿಯಲ್ಲಿ ನಿಲ್ಲಿಸಿರುವ ಹತ್ತಡಿ–ಆರಡಿಯ ಇಡೀ ಸ್ಲ್ಯಾಬು ಸುಮಾರು 300 ಕಿಲೊ. "ಇಬ್ಬರೇ ಸಾಕು ಸಾರ್, ಎತ್ತಿಬಿಡ್ತೀವಿ" ಎಂದು ಮೇಸ್ತ್ರಿ ಹೇಳಿದರೆ ಒಪ್ಪಬೇಡಿ. ಮೆಟ್ಟಿಲು ಹತ್ತುವಾಗ ಭಾರ ಸಮನಾಗಿ ಹಂಚಿಕೆಯಾಗುವುದಿಲ್ಲ. ಕೆಳಗಿನ ಮೆಟ್ಟಿಲಲ್ಲಿರುವವನ ಮೇಲೆಯೇ ಹೆಚ್ಚು ಬೀಳುತ್ತದೆ.

ಕಲ್ಲನ್ನು ಯಾವಾಗಲೂ ಅಂಚಿನ ಮೇಲೆ ನಿಲ್ಲಿಸಿಯೇ ಒಯ್ಯಬೇಕು, ಮಂಚ ಹೊತ್ತಂತೆ ಮಲಗಿಸಿ ಅಲ್ಲ. ಗ್ರಾನೈಟ್ ಒತ್ತಡವನ್ನು ಎಷ್ಟು ಬೇಕಾದರೂ ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ. ಮಲಗಿಸಿ ಎರಡು ತುದಿ ಹಿಡಿದರೆ ನಡುಭಾಗ ಬಾಗುತ್ತದೆ, ಅಡಿಯ ಮೈ ಎಳೆತಕ್ಕೆ ಸಿಕ್ಕುತ್ತದೆ, ಕಣ್ಣಿಗೆ ಕಾಣದ ಬಿರುಕೊಂದು ಅಲ್ಲಿದ್ದರೆ ಕಲ್ಲು ಎರಡಾಗುತ್ತದೆ. ಎರಡಡಿ ಅಗಲದ ಅದೇ ತುಂಡನ್ನು ಅಂಚಿನ ಮೇಲೆ ನಿಲ್ಲಿಸಿದರೆ ಈ ಎಳೆತ ಸುಮಾರು 30 ಪಟ್ಟು ಕಡಿಮೆಯಾಗುತ್ತದೆ. ಕಟ್ಟೆಯ ಮೇಲೆ ಮಲಗಿಸುವ ಕೊನೆಯ ಗಳಿಗೆಯಲ್ಲಿ ಮಾತ್ರ ನಡುವೆಯೂ ಒಬ್ಬರು ಕೈ ಕೊಡಬೇಕು.

ಸಿಂಕಿಗೆ ತೂತು ಕೊರೆದ ಕಲ್ಲು ಇನ್ನೂ ಸೂಕ್ಷ್ಮ. ತೂತಿನ ಹಿಂದೆ ಮುಂದೆ ಉಳಿಯುವುದು ಮೂರು ನಾಲ್ಕು ಅಂಗುಲದ ಪಟ್ಟಿ ಅಷ್ಟೇ. ಮುರಿಯುವುದು ಬಹುಪಾಲು ಅಲ್ಲಿಯೇ, ಅದರಲ್ಲೂ ತೂತಿನ ಮೂಲೆಗಳಲ್ಲಿ. ಮೂಲೆಯನ್ನು ಚೂಪಾಗಿ ಕತ್ತರಿಸದೆ ದುಂಡಗೆ ಮಾಡಿಸಿ. ಸಾಗಿಸುವಾಗ ಆ ಪಟ್ಟಿಗಳಿಗೆ ಮರದ ರೀಪರ್ ಕೊಟ್ಟು ಕ್ಲ್ಯಾಂಪ್ ಹಾಕಿದರೆ ಕಲ್ಲು ಉಳಿಯುತ್ತದೆ.

ಜೀವಕ್ಕೆ ಕುತ್ತು ಬರುವುದು ಹೆಚ್ಚಾಗಿ ಸ್ಲ್ಯಾಬುಗಳನ್ನು ಒರಗಿಸಿಡುವ ಜಾಗದಲ್ಲಿ. ಟೆಂಪೋದಲ್ಲಾಗಲಿ ಅಂಗಳದಲ್ಲಾಗಲಿ ಇಂಗ್ಲಿಷಿನ 'ಎ' ಆಕಾರದ ಕಬ್ಬಿಣದ ಸ್ಟ್ಯಾಂಡಿನ ಎರಡೂ ಬದಿಗೆ ಸಮನಾಗಿ ಕಲ್ಲು ಪೇರಿಸಬೇಕು, ಬೆಲ್ಟ್ ಬಿಗಿಯಬೇಕು, ಇಳಿಸುವಾಗಲೂ ಎರಡೂ ಬದಿಯಿಂದ ಒಂದೊಂದಾಗಿ ತೆಗೆಯಬೇಕು. ಒಂದೇ ಬದಿ ಖಾಲಿ ಮಾಡಿದರೆ ಸ್ಟ್ಯಾಂಡೇ ಮಗುಚುತ್ತದೆ. ಹಿಂದಿನ ಕಲ್ಲು ನೋಡಲೆಂದು ಮುಂದಿನದನ್ನು ಎದೆಗೆ ಆನಿಸಿಕೊಂಡು ನಿಲ್ಲುವುದು ಇನ್ನೂ ಅಪಾಯ. ಕಲ್ಲು ವಾಲತೊಡಗಿದರೆ ಹಿಡಿಯಲು ಹೋಗದೆ ಪಕ್ಕಕ್ಕೆ ಸರಿದುಬಿಡಿ. ಮುನ್ನೂರು ಕಿಲೊ ಬೀಳುವಾಗ ಅದನ್ನು ತಡೆಯುವ ತೋಳು ಯಾರಿಗೂ ಇಲ್ಲ. ಬೀಳಬಹುದಾದ ದಿಕ್ಕಿನಲ್ಲಿ ಯಾರೂ ನಿಲ್ಲದಂತೆ ಮೊದಲೇ ನೋಡಿಕೊಳ್ಳಬೇಕು, ಮಕ್ಕಳನ್ನಂತೂ ಹತ್ತಿರ ಬಿಡಲೇಬಾರದು.

ಈಗ ಗಾಳಿ ಹೀರಿ ಕಚ್ಚಿಕೊಳ್ಳುವ ರಬ್ಬರ್ ಕಪ್ಪುಗಳು ಬಂದಿವೆ, ಒಳ್ಳೆಯದೇ. ಆದರೆ ಅವು ನಯವಾದ, ಒಣಗಿದ, ಧೂಳಿಲ್ಲದ ಮೈಯನ್ನು ಮಾತ್ರ ನಂಬಿಕೆಯಿಂದ ಹಿಡಿಯುತ್ತವೆ. ಲೆದರ್ ಫಿನಿಶ್‌ನ ತರಿತರಿ ಮೈಯಿಂದ ನಿಧಾನವಾಗಿ ಗಾಳಿ ಒಳನುಗ್ಗಿ ಕಪ್ಪು ಕಳಚುತ್ತದೆ. ಕಲ್ಲನ್ನು ಬಟ್ಟೆಯಲ್ಲಿ ಒರೆಸಿ, ರಬ್ಬರಿನ ಅಂಚು ಸೀಳಿಲ್ಲವೆಂದು ಬೆರಳಾಡಿಸಿ ನೋಡಿಯೇ ಎತ್ತಬೇಕು.

ಕಟಿಂಗ್ ಮಷಿನ್ ಬಳಸುವಾಗ ನೀರು ಬಿಡದೆ ಒಣಗಿದ ಕಲ್ಲನ್ನು ಕೊಯ್ಯಬಾರದು. ಅದರ ಸಿಲಿಕಾ ಧೂಳು ಶ್ವಾಸಕೋಶವನ್ನು ಸೇರಿ ವಾಸಿಯಾಗದ ಸಿಲಿಕೋಸಿಸ್ ತರುತ್ತದೆ. ಕಾರ್ಖಾನೆಯಲ್ಲಿ ತಯಾರಾಗುವ ಕ್ವಾರ್ಟ್ಜ್ ಹಲಗೆಗಳಲ್ಲಿ ಸಿಲಿಕಾ ಗ್ರಾನೈಟಿಗಿಂತ ಬಹಳ ಹೆಚ್ಚು. ಈ ರೋಗದ ಕಾರಣಕ್ಕೇ ಆಸ್ಟ್ರೇಲಿಯ 2024ರ ಜುಲೈ 1ರಿಂದ ಅವನ್ನು ನಿಷೇಧಿಸಿತು.

ಮನೆ ಕಟ್ಟಿಸುವವರಲ್ಲಿ ಒಂದು ವಿನಂತಿ. ಆರ್ಡರ್ ಕೊಡುವ ದಿನವೇ ಮೆಟ್ಟಿಲ ಅಗಲ, ತಿರುವು, ಬಾಗಿಲ ಅಳತೆ ಹೇಳಿಬಿಡಿ. ತಿರುವಿನಲ್ಲಿ ಹಿಡಿಯದ ಉದ್ದವಾದರೆ ಎರಡು ತುಂಡು ಮಾಡಿಸಿ, ಒಂದು ಜಾಯಿಂಟ್ ಕಂಡರೆ ಕಾಣಲಿ. ಹೊರಲು ಇಬ್ಬರು ಹೆಚ್ಚಿನ ಆಳುಗಳ ಕೂಲಿಯನ್ನು ಖರ್ಚಿನ ಲೆಕ್ಕದಲ್ಲಿ ಮೊದಲೇ ಸೇರಿಸಿಕೊಳ್ಳಿ.