ತಪ್ಪು ಪಾಸ್ ಆದಾಗ ಕೋಚ್ ಏನನ್ನುತ್ತಾರೆ?

ಶನಿವಾರ ಬೆಳಿಗ್ಗೆ ಪುಣೆಯ ಬಾಣೇರ್, ಬಾಲೆವಾಡಿ, ವಾಕಡ್ ಕಡೆ ಒಂದು ಸುತ್ತು ಹಾಕಿ. ಅಪಾರ್ಟ್‌ಮೆಂಟುಗಳ ನಡುವೆ ಬಲೆ ಕಟ್ಟಿದ ಟರ್ಫ್‌ಗಳು, ಒಳಗೆ ಮೊಣಕಾಲುದ್ದದ ಸಾಕ್ಸ್ ತೊಟ್ಟ ಮಕ್ಕಳು, ಹೊರಗೆ ನೀರಿನ ಬಾಟಲಿ ಹಿಡಿದ ನಮ್ಮಂಥ ಅಪ್ಪ-ಅಮ್ಮಂದಿರು. ಅಲ್ಲಲ್ಲಿ ಬೆಳಗಾವಿ, ಧಾರವಾಡದ ಕನ್ನಡವೂ ಕಿವಿಗೆ ಬೀಳುತ್ತದೆ.

ನನ್ನ ಒಂಬತ್ತು ವರ್ಷದ ಮಗ ಈಗಾಗಲೇ ಇಬ್ಬರು ಕೋಚ್‌ಗಳನ್ನು ಕಂಡಿದ್ದಾನೆ. ಮೊದಲನೆಯವರು ಸ್ವತಃ ಒಳ್ಳೆಯ ಆಟಗಾರರು. ಆದರೆ ಒಂದು ಪಾಸ್ ತಪ್ಪಿದರೆ ಸಾಕು, "ಕಾಯ್ ಕರ್ತೋಸ್ ರೇ?" ಎಂದು ಮೈದಾನಕ್ಕೆಲ್ಲ ಕೇಳುವಂತೆ ಕೂಗುತ್ತಿದ್ದರು. ಸೋತ ತಂಡಕ್ಕೆ ಶಿಕ್ಷೆಯಾಗಿ ಓಟ. ಮೂರೇ ತಿಂಗಳಲ್ಲಿ ಹುಡುಗ ಬದಲಾದ. ಚೆಂಡು ಕಾಲಿಗೆ ಬಂದ ಕೂಡಲೇ ಕೆಂಡ ತುಳಿದವನಂತೆ ಪಕ್ಕದವನಿಗೆ ತಳ್ಳಿಬಿಡುತ್ತಿದ್ದ. ಡ್ರಿಬಲ್ ಇಲ್ಲ, ಗೋಲಿನತ್ತ ಹೊಡೆತವಿಲ್ಲ. ಶುಕ್ರವಾರ ರಾತ್ರಿಯಾದರೆ ಹೊಟ್ಟೆನೋವು.

ಬೇರೆ ಕಡೆ ಸೇರಿಸಿದೆವು. ಈಗಿನ ಕೋಚ್ ಕೂಡ ಶಿಸ್ತಿನವರೇ, ತಡವಾಗಿ ಬಂದವರನ್ನು ಸುಮ್ಮನೆ ಬಿಡುವುದಿಲ್ಲ. ತಪ್ಪಾದಾಗ ಮಾತ್ರ ಹತ್ತಿರ ಕರೆದು, "ಪಾಸ್ ಕೊಡೋ ಮುಂಚೆ ತಲೆ ಎತ್ತಿ ನೋಡಿದ್ಯಾ? ಇನ್ನೊಂದ್ಸಲ ಮಾಡು" ಎಂದು ಹಿಂದಿಯಲ್ಲಿ ಹೇಳುತ್ತಾರೆ. ಕೊನೆಯ ಹತ್ತು ನಿಮಿಷ ಯಾವ ಆಟ ಎಂಬುದನ್ನು ಮಕ್ಕಳೇ ಆರಿಸಬೇಕು. ಮೊನ್ನೆ ಇವನು ಇಬ್ಬರನ್ನು ದಾಟಲು ಹೋಗಿ ಚೆಂಡು ಕಳೆದುಕೊಂಡ. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಪ್ರಯತ್ನಿಸಿದ! ಗೋಲು ಹೊಡೆದಿದ್ದರೂ ನನಗೆ ಅಷ್ಟು ಖುಷಿಯಾಗುತ್ತಿರಲಿಲ್ಲ.

ಆಫೀಸಿನ ಕೋಡ್ ರಿವ್ಯೂ ನೆನಪಾಗುತ್ತದೆ. "ಇದು ಸರಿಯಿಲ್ಲ" ಎಂದಷ್ಟೇ ಬರೆಯುವ ಸೀನಿಯರ್ ಒಬ್ಬರು, ಯಾವ ಸಾಲು ಏಕೆ ತಪ್ಪು ಎಂದು ತೋರಿಸುವವರು ಇನ್ನೊಬ್ಬರು. ನಾವು ಕಲಿತದ್ದು ಯಾರಿಂದ?

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾದ ರೊನಾಲ್ಡ್ ಸ್ಮಿತ್ ಮತ್ತು ಫ್ರಾಂಕ್ ಸ್ಮೋಲ್ ಮಕ್ಕಳ ಬೇಸ್‌ಬಾಲ್ ಕೋಚ್‌ಗಳಿಗೆ ಇದನ್ನೇ ಕೆಲವು ಗಂಟೆ ಕಲಿಸಿ ನೋಡಿದರು: ಪ್ರಯತ್ನವನ್ನು ಮೆಚ್ಚಿ, ತಪ್ಪಾದಾಗ ಧೈರ್ಯ ತುಂಬಿ, ಸರಿಯಾದದ್ದನ್ನು ತೋರಿಸಿ, ಬೈಯಬೇಡಿ. 1992ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥ ಕೋಚ್‌ಗಳ ಕೈಯಲ್ಲಿ ಆಡಿದ ಮಕ್ಕಳಲ್ಲಿ ಮರುವರ್ಷ ಆಟ ಬಿಟ್ಟವರು ಶೇ. 5. ತರಬೇತಿ ಪಡೆಯದ ಕೋಚ್‌ಗಳ ಕಡೆ ಶೇ. 26. ತಂಡಗಳ ಸೋಲು-ಗೆಲುವು ಇದಕ್ಕೆ ಕಾರಣವಾಗಿರಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಕೊನೆಯ ಮಾತು. ಮಕ್ಕಳು ಸೋತರೆಂದು ಬಿಡುವುದಿಲ್ಲ.

"ಬೈಲಿಲ್ಲಂದ್ರ ಹುಡುಗ್ರು ಮೆತ್ತಗಾಗ್ತಾವ್ರೀ" ಎನ್ನುತ್ತಾರೆ ಹುಬ್ಬಳ್ಳಿಯ ಗೆಳೆಯರೊಬ್ಬರು. ಕಟ್ಟುನಿಟ್ಟು ಬೇಕು, ಒಪ್ಪುತ್ತೇನೆ. ಆದರೆ ಎಲ್ಲರೆದುರು ಅವಮಾನ ಮಾಡುವುದು ಕಟ್ಟುನಿಟ್ಟಲ್ಲ. ನಾರ್ವೆಯಲ್ಲಂತೂ ಹನ್ನೊಂದು ವರ್ಷದೊಳಗಿನ ಮಕ್ಕಳ ಪಂದ್ಯಗಳ ಫಲಿತಾಂಶ, ಅಂಕಪಟ್ಟಿಗಳನ್ನೇ ಪ್ರಕಟಿಸುವುದಿಲ್ಲ. ಆ ದೇಶದಿಂದಲೇ ಎರ್ಲಿಂಗ್ ಹಾಲಂಡ್ ಬಂದದ್ದು.

ಅಕಾಡೆಮಿ ಹುಡುಕುವಾಗ ನಾವು ಫೀಸ್, ಟರ್ಫ್, ಜೆರ್ಸಿ ಎಲ್ಲ ವಿಚಾರಿಸುತ್ತೇವೆ. ಟ್ರಯಲ್ ದಿನ ಬಲೆಯ ಹೊರಗೆ ಕಾಲು ಗಂಟೆ ನಿಂತು, ತಂಡದಲ್ಲಿ ಎಲ್ಲರಿಗಿಂತ ಹಿಂದುಳಿದ ಮಗು ತಪ್ಪಿದಾಗ ಕೋಚ್ ಏನು ಮಾಡುತ್ತಾರೆ ಎಂದೂ ನೋಡಿ. ಆ ಮಗು ಮುಂದಿನ ಸಲ ಚೆಂಡು ಕೇಳುತ್ತದೋ, ಇಲ್ಲ ಬದಿಗೆ ಸರಿಯುತ್ತದೋ ಗಮನಿಸಿ.