ಅಜ್ಜನನ್ನು ಸುಮ್ಮನೆ ಕೂಡ್ರಿಸಬೇಡಿ

ಜಮಖಂಡಿ ತಾಲ್ಲೂಕಿನ ಹುನ್ನೂರ ಸುತ್ತಮುತ್ತ ಎಂಬತ್ತು ದಾಟಿದವರ ಮಾತಿಗೆ ಕಿವಿಗೊಟ್ಟರೆ ಕನ್ನಡದ ನಡುವೆ ಮರಾಠಿ ಸರಾಗವಾಗಿ ಬಂದುಹೋಗುತ್ತದೆ. ಅದು ಸಾಲಿಯಲ್ಲಿ ಕಲಿತದ್ದಲ್ಲ. 1948ರಲ್ಲಿ ಮುಂಬೈ ಪ್ರಾಂತಕ್ಕೆ ಸೇರುವವರೆಗೂ ಜಮಖಂಡಿಯನ್ನು ಮರಾಠಿ ಅರಸರಾದ ಪಟವರ್ಧನರು ಆಳಿದರು, ಮುಧೋಳವನ್ನು ಅದೇ ಭಾಷೆಯ ಘೋರ್ಪಡೆಯವರು. ದವಾಖಾನೆ ಎಂದರೆ ಮಿರಜ, ಪೇಟೆ ಎಂದರೆ ಸಾಂಗಲಿ, ವಿಠ್ಠಲನ ದರ್ಶನಕ್ಕೆ ಪಂಢರಪುರ. ಅಕ್ಷರ ಬಾರದವರೂ ಎರಡು ಭಾಷೆಯಲ್ಲಿ ವ್ಯಾಪಾರ ಕುದುರಿಸಿದರು, ಬೀಗತನ ಬೆಳೆಸಿದರು.

ಈ ಎರಡು ಭಾಷೆಯ ಬದುಕು ಮಿದುಳಿಗೆ ಏನು ಮಾಡುತ್ತದೆ ಎಂಬುದನ್ನು ಪರೀಕ್ಷಿಸಿದವರು ನಮ್ಮವರೇ. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ನರರೋಗ ತಜ್ಞೆ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ ಮರೆಗುಳಿ ರೋಗಕ್ಕೆ ತುತ್ತಾದ 648 ಮಂದಿಯ ವಿವರ ಕಲೆಹಾಕಿ 2013ರಲ್ಲಿ ಪ್ರಕಟಿಸಿದರು. ಒಂದೇ ಭಾಷೆ ಬಲ್ಲವರಿಗಿಂತ ಎರಡು ಭಾಷೆ ಬಲ್ಲವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಇಲ್ಲದವರಲ್ಲೂ ಈ ಅಂತರ ಇತ್ತು. ನನಗೆ ಬಹಳ ಮುಖ್ಯವೆನಿಸುವುದು ಈ ಕೊನೆಯ ಮಾತು. ಮಿದುಳಿನ ಕಸುವು ಪದವಿ ಪಡೆದವರ ಸ್ವತ್ತು ಎಂಬ ನಂಬಿಕೆಯನ್ನು ಅದು ಅಲುಗಾಡಿಸುತ್ತದೆ. ಬೇರೆ ದೇಶಗಳ ಎಲ್ಲ ಅಧ್ಯಯನಗಳೂ ಇದೇ ಫಲ ಕೊಟ್ಟಿಲ್ಲ, ನಿಜ. ಆದರೆ ಅಲ್ಲಿ ಎರಡನೆಯ ಭಾಷೆ ಬಲ್ಲವರು ಹೆಚ್ಚಾಗಿ ವಲಸೆ ಬಂದವರು. ನಮ್ಮಲ್ಲಿ ಅದು ಹುಟ್ಟಿದೂರಿನ ದಿನನಿತ್ಯದ ಮಾತು.

ರೋಗವನ್ನು ತಡೆದುಕೊಳ್ಳುವ ಈ ಕಸುವನ್ನು ವಿಜ್ಞಾನಿಗಳು ಮಿದುಳಿನ ಮೀಸಲು ಶಕ್ತಿ ಎನ್ನುತ್ತಾರೆ. 1988ರಲ್ಲಿ ಅಮೆರಿಕದ ರಾಬರ್ಟ್ ಕಾಟ್ಜ್‌ಮನ್ ತಂಡ ತೀರಿಕೊಂಡ 137 ವೃದ್ಧರ ಮಿದುಳುಗಳನ್ನು ಪರಿಶೀಲಿಸಿತು. ಅವರಲ್ಲಿ ಹತ್ತು ಮಂದಿಯ ಮಿದುಳಲ್ಲಿ ಮರೆವು ತರುವ ಅಲ್ಜೈಮರ್ ರೋಗದ ಗುರುತುಗಳು ಇದ್ದೇ ಇದ್ದವು, ಆದರೂ ಬದುಕಿದ್ದಾಗ ಅವರ ಬುದ್ಧಿ ಚುರುಕಾಗಿಯೇ ಇತ್ತು. ಮುಂದೆ ಕೊಲಂಬಿಯಾ ವಿಶ್ವವಿದ್ಯಾಲಯದ ಯಾಕೊವ್ ಸ್ಟರ್ನ್ ಈ ವಿಚಾರವನ್ನು ಬೆಳೆಸಿದರು. ಕೃಷ್ಣೆಗೆ 2019ರಂಥ ಮಹಾಪೂರ ಬಂದು ಸೇತುವೆ ಮುಳುಗಿದಾಗ ನಮ್ಮ ಜನ ಸುತ್ತುದಾರಿ ಹಿಡಿದು ಊರು ಮುಟ್ಟುತ್ತಾರಲ್ಲ, ಮಿದುಳೂ ಹಾಗೇ ಮಾಡುತ್ತದೆ. ಜೀವನವಿಡೀ ಹೆಚ್ಚು ದಾರಿ ತುಳಿದಿದ್ದಷ್ಟೂ ಒಂದು ಕಟ್ಟಾದಾಗ ಇನ್ನೊಂದು ಸಿಗುತ್ತದೆ. ಎಲ್ಲ ದಾರಿಯೂ ಮುಳುಗಿದರೆ ಮಾತ್ರ ಸಂಪರ್ಕ ಒಮ್ಮೆಲೇ ಕಡಿಯುತ್ತದೆ. ಮೀಸಲು ಹೆಚ್ಚಿರುವವರಲ್ಲಿ ರೋಗ ತಡವಾಗಿ ಕಂಡರೂ ಕಂಡ ಮೇಲೆ ವೇಗವಾಗಿ ಹೆಚ್ಚುವುದುಂಟು.

ಈ ಸೀಮೆಯ ಹಿರಿಯರು ತುಳಿದ ದಾರಿಗಳು ಎಷ್ಟೆಂದು ನೆನೆದರೆ ಹೆಮ್ಮೆಯಾಗುತ್ತದೆ. ಶ್ರೀಕೃಷ್ಣ ಪಾರಿಜಾತ ಬಯಲಾಟದ ಕಲಾವಿದರು ಇಡೀ ರಾತ್ರಿಯ ಆಟವನ್ನು ಬಾಯಿಪಾಠವಾಗಿಟ್ಟುಕೊಂಡವರು. ಹಾಡು, ತಾಳ, ಹೆಜ್ಜೆ, ಅದರ ಮೇಲೆ ಭಾಗವತ ಮತ್ತು ದೂತಿಯ ನಡುವೆ ಆ ಕ್ಷಣಕ್ಕೆ ಹುಟ್ಟುವ ಮಾತಿಗೆ ಮಾತು. ರಬಕವಿ-ಬನಹಟ್ಟಿಯ ಕೈಮಗ್ಗದ ನೇಕಾರ ಹಾಸಿನ ಸಾವಿರಾರು ಎಳೆ, ಅಂಚಿನ ವಿನ್ಯಾಸ, ಸೆರಗಿನ ಬಣ್ಣದ ಸರದಿ ಎಲ್ಲವನ್ನೂ ಕಣ್ಣು, ಕೈ, ಕಾಲು ಮೂರನ್ನೂ ಕೂಡಿಸಿ ನಡೆಸಿದವನು. ಮಹಾಲಿಂಗಪುರದ ಪೇಟೆಗೆ ಬೆಲ್ಲ ಕಳಿಸಿದ ಗಾಣದವರು ಕುದಿಯುವ ಕಬ್ಬಿನ ಹಾಲಿನ ಹದವನ್ನು ನೋಟದಿಂದಲೇ ಹಿಡಿದರು. ಭಜನೆ, ಮಠದ ಪ್ರವಚನ, ಶ್ರೀಶೈಲಕ್ಕೆ ಪಾದಯಾತ್ರೆ. ಇವೆಲ್ಲ ನಡಿಗೆ, ನೆನಪು, ಒಡನಾಟ ಒಟ್ಟಿಗೇ ಬೇಡುವ ಕೆಲಸಗಳು. ಸಾಲಿಯ ವರ್ಷಗಳನ್ನಷ್ಟೇ ಎಣಿಸುವ ಅಳತೆಗೋಲಿಗೆ ಈ ವಿದ್ಯೆ ಕಾಣುವುದಿಲ್ಲ.

ಈಗ ಆಗುತ್ತಿರುವುದೇನು? ವಿದ್ಯುತ್ ಮಗ್ಗ ಬಂದಿದೆ, ಹೊಲ ಮಕ್ಕಳ ಕೈಗೆ ಹೋಗಿದೆ. ಹಿರಿಯರು ಏನಾದರೂ ಹಿಡಿಯಲು ಹೋದರೆ, “ಯಪ್ಪಾ, ನಿನಗ್ಯಾಕ ಇದೆಲ್ಲ, ಸುಮ್ಮ ಕುಂಡ್ರು” ಎನ್ನುತ್ತೇವೆ. ಪ್ರೀತಿಯಿಂದಲೇ ಅನ್ನುತ್ತೇವೆ. ಆದರೆ ಆ ಪ್ರೀತಿ ಅವರ ಕೈಯಿಂದ ಕೆಲಸವನ್ನೂ ಕಟ್ಟೆಯ ಮೇಲಿನ ಗೆಳೆಯರನ್ನೂ ಕಿತ್ತುಕೊಂಡು ಟಿ.ವಿ. ಮುಂದೆ ಕೂಡ್ರಿಸುತ್ತದೆ. ಹೆಸರು ಮರೆತರೆ ‘ಅರವತ್ತರ ಅರಳು ಮರಳು’ ಎಂದು ಕೈಬಿಡುತ್ತೇವೆ. ಅದು ತಪ್ಪು. ದೇಶದಲ್ಲಿ ಅರವತ್ತು ದಾಟಿದವರಲ್ಲಿ ಮರೆಗುಳಿ ರೋಗ ಇರುವವರು ಶೇ 7.4, ಅಂದರೆ ಸುಮಾರು 88 ಲಕ್ಷ ಎಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಸಂಖ್ಯೆ ಸಣ್ಣದಲ್ಲ, ಆದರೆ ಮುಪ್ಪು ಬಂದವರಿಗೆಲ್ಲ ಬರುವ ಪಾಡೂ ಇದಲ್ಲ.

ವೈದ್ಯಪತ್ರಿಕೆ ‘ಲ್ಯಾನ್ಸೆಟ್’ ನೇಮಿಸಿದ ತಜ್ಞರು 2024ರಲ್ಲಿ ಹದಿನಾಲ್ಕು ಕಾರಣಗಳನ್ನು ಪಟ್ಟಿ ಮಾಡಿ, ಅವನ್ನು ನಿಭಾಯಿಸಿದರೆ ಮರೆಗುಳಿ ರೋಗದ ಪ್ರಕರಣಗಳಲ್ಲಿ ಶೇ 45ರಷ್ಟನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂದರು. ಕಿವಿ ಕೇಳಿಸದಿರುವುದು ಆ ಪಟ್ಟಿಯಲ್ಲಿ ಮೇಲಿನ ಸ್ಥಾನದಲ್ಲಿದೆ. ಬಿ.ಪಿ., ಸಕ್ಕರೆ ಕಾಯಿಲೆ, ಕೆಟ್ಟ ಕೊಲೆಸ್ಟ್ರಾಲ್, ತಂಬಾಕಿನ ಹೊಗೆ, ಕಣ್ಣು ಮಂಜಾಗುವುದು, ಒಂಟಿತನ ಎಲ್ಲವೂ ಅದರಲ್ಲಿವೆ. ಕಿವಿ ಮಂದವಾದ ಅಜ್ಜ ಮಾತಿನಿಂದ ದೂರ ಸರಿಯುತ್ತಾನೆ, ಮಾತು ನಿಂತರೆ ಮಿದುಳಿಗೆ ಕೆಲಸ ಕಡಿಮೆಯಾಗುತ್ತದೆ. ಶ್ರವಣ ಸಾಧನ ತೊಡಿಸುವುದನ್ನು ನಾವು ಇನ್ನೂ ನಾಚಿಕೆಯ ವಿಷಯ ಮಾಡಿಕೊಂಡಿದ್ದೇವೆ.

ಹಿರಿಯರ ಮಿದುಳನ್ನು ಕಾಯುವುದು ದೊಡ್ಡ ಖರ್ಚಿನ ಕೆಲಸವೇನೂ ಅಲ್ಲ. ಮನೆಯ ಹಿರಿಯರನ್ನು ಈ ತಿಂಗಳೇ ಹತ್ತಿರದ ಸರ್ಕಾರಿ ದವಾಖಾನೆಗೆ ಕರೆದೊಯ್ದು ಬಿ.ಪಿ., ಸಕ್ಕರೆ, ಕಿವಿ, ಕಣ್ಣು ತೋರಿಸಿ. ಭಜನೆಗೆ ಹೋಗುವವರನ್ನು ತಡೆಯಬೇಡಿ, ಹೊಲದ ಲೆಕ್ಕವನ್ನು ಅವರ ಬಳಿಯೇ ಇರಲು ಬಿಡಿ, ಮೊಮ್ಮಕ್ಕಳಿಗೆ ಪಾರಿಜಾತದ ಹಾಡು ಕಲಿಸಲು ಹೇಳಿ. ಹಾದಿ ತಪ್ಪುವುದು, ಹೇಳಿದ್ದನ್ನೇ ಹೇಳುವುದು ಶುರುವಾದರೆ ಕಾಯದೆ ವೈದ್ಯರನ್ನು ಕಾಣಿ. ಹಿರಿಯರ ಸಹಾಯವಾಣಿಯ ಸಂಖ್ಯೆ 14567, ಕರೆ ಉಚಿತ.